ಗಂಗವ್ವನ ಗುಡ್ಡದ ಸುತ್ತು

ಮಂಡಿ ಆಪರೇಷನ್ ಆದ ಹೆಂಗಸು ಮನೆಯಲ್ಲಿ ದೇವರ ಸಮಾನ. ಕೂತಲ್ಲಿಗೆ ಕಾಫಿ ಬರುತ್ತದೆ, ಕೂತಲ್ಲಿಗೆ ರೊಟ್ಟಿ ಬರುತ್ತದೆ, ಎದ್ದರೆ ಮಾತ್ರ ಬೈಗುಳ. ತ್ಯಾವಣಿಗೆಯ ಶಂಕ್ರಮ್ಮ ಎಂಟು ತಿಂಗಳು ಹೀಗೆ ದೇವರಾಗಿ ಕೂತು ಬೇಸತ್ತು ಹೋಗಿದ್ದಳು. ಒಂದು ಚೊಂಬು ನೀರು ಎತ್ತಿದರೆ ಸಾಕು, ಗಂಡ ಜಯದೇವಪ್ಪ ಒಂದು ಕಡೆಯಿಂದ, ಮಗ ಪ್ರವೀಣ್ ಕುಮಾರ್ ಇನ್ನೊಂದು ಕಡೆಯಿಂದ "ಬಿಡು ಬಿಡು" ಎಂದು ಓಡಿ ಬರುತ್ತಿದ್ದರು. ಹಾಲು ಹಾಕುವವನು ಕೂಡ "ಅಮ್ಮಾ, ನೀವ್ ಏಳಬ್ಯಾಡ್ರಿ" ಅನ್ನುತ್ತಿದ್ದ. ಹಾಲಿನವನಿಗೂ ತಾನು ಸದರವಾದೆನಲ್ಲ ಎಂದು ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಉರಿಯದೆ ಏನು? ಅವಳು ಜಗಳೂರು ಸೀಮೆಯವಳು. ಅವಳು ಹುಡುಗಿಯಾಗಿದ್ದಾಗ ಆ ಕಡೆ ಹೆಣ್ಣುಮಕ್ಕಳನ್ನು ಬಣ್ಣದಿಂದ ಅಳೆಯುತ್ತಿರಲಿಲ್ಲ, ಕೊಡದಿಂದ ಅಳೆಯುತ್ತಿದ್ದರು. ಒಂದೂವರೆ ಮೈಲಿ ದೂರದ ಬಾವಿಯಿಂದ ತಲೆಯ ಮೇಲೊಂದು, ಸೊಂಟದಲ್ಲೊಂದು ಕೊಡ ಹೊತ್ತು ತಂದರೆ ಹೆಣ್ಣು, ಇಲ್ಲದಿದ್ದರೆ ಬರೀ ಬಾಯಿ. ಜಯದೇವಪ್ಪ ಹೆಣ್ಣು ನೋಡಲು ಹೋದ ದಿನ ಹುಡುಗಿಯೇ ಮನೆಯಲ್ಲಿರಲಿಲ್ಲ, ನೀರಿಗೆ ಹೋಗಿದ್ದಳು. ಎರಡು ಕೊಡ ಹೊತ್ತು ಬಂದವಳು ಬಾಗಿಲಿಗೆ ಅಡ್ಡ ನಿಂತಿದ್ದ ಇಸ್ತ್ರಿ ಪಂಚೆಯ ವರನಿಗೆ "ಸ್ವಲ್ಪ ಸರೀರಿ" ಅಂದಳು. ಅವನು ಸರಿದ. ಅವತ್ತು ಸರಿದವನು ನಲವತ್ತೊಂದು ವರ್ಷದಿಂದ ಸರಿಯುತ್ತಲೇ ಇದ್ದಾನೆ ಎಂದು ನೆಂಟರಿಷ್ಟರು ಈಗಲೂ ನಗುತ್ತಾರೆ.

ಆಪರೇಷನ್ ಆದ ದಿನ ದಾವಣಗೆರೆಯ ಆಸ್ಪತ್ರೆಯಲ್ಲಿ ಬೆಂಚಿನ ಮೇಲೆ ಕೂತಿದ್ದ ಜಯದೇವಪ್ಪನಿಗೆ ಎದೆ ಒಡೆದು ಹೋಗಿತ್ತು. ಸಂಕಟ ಬಂದಾಗ ವೆಂಕಟರಮಣ ಅನ್ನುತ್ತಾರಲ್ಲ, ಇವನಿಗೆ ನೆನಪಾದವಳು ಗಂಗವ್ವ. ಸವಳಂಗದ ಆಚೆ ಅವನ ತಾಯಿಯ ತವರಿನ ಹತ್ತಿರ ಗಂಗವ್ವನ ಗುಡ್ಡ ಅಂತ ಇದೆ. ಅದರ ನೆತ್ತಿಯ ಹತ್ತಿರ ಬಂಡೆ ಸೀಳಿನಿಂದ ಬೇಸಿಗೆಯಲ್ಲೂ ಬತ್ತದ ಒಂದು ಒರತೆ. "ತಾಯಿ, ಇವಳ ಕಾಲು ನಡೆಯಂಗೆ ಮಾಡು. ಇವಳ ತಲೆ ಮ್ಯಾಲೆ ನಿನ್ನ ಕೊಡ ಹೊರಿಸಿ ನಿನ್ನ ಗುಡ್ಡ ಸುತ್ತಿಸ್ತೀನಿ" ಎಂದು ಕೈಮುಗಿದು ಹರಕೆ ಹೇಳಿಕೊಂಡ. ಹೆಂಡತಿಯನ್ನು ಒಂದು ಮಾತು ಕೇಳಲಿಲ್ಲ. ಕೇಳುವುದಾದರೂ ಹೇಗೆ, ಅವಳು ಒಳಗೆ ಪ್ರಜ್ಞೆ ಇಲ್ಲದೆ ಮಲಗಿದ್ದಳು.

ಕಾಲು ನಡೆಯಿತು. ಆಗ ಶುರುವಾಯಿತು ಅಡಿಕೆ ವ್ಯಾಪಾರಿಯ ಬುದ್ಧಿ. ಗುಡ್ಡದ ಸುತ್ತು ಮೂರೂವರೆ ಕಿಲೋಮೀಟರು, ಅದರಲ್ಲಿ ಅರ್ಧ ಏರು, ಮೇಲೆ ತುಂಬಿದ ಕೊಡ. ಜಯದೇವಪ್ಪನಿಗೆ ತಾನು ಹೇಳಿಕೊಂಡ ಹರಕೆಯೇ ಭೂತವಾಗಿ ಕಾಡಿತು. ಒಂದು ದಿನ ಚನ್ನಗಿರಿ ಪೇಟೆಗೆ ಹೋದವನು ಅಂಗೈಯಗಲದ ಒಂದು ಬೆಳ್ಳಿ ಕೊಡ ತಂದು ದೇವರ ಮುಂದೆ ಇಟ್ಟ.

"ಇದನ್ನ ಗಂಗವ್ವಗೆ ಒಪ್ಪಿಸಿ ಬರಾನ. ಹರಕೆ ತೀರ್ತೈತೆ" ಅಂದ.

"ನೀವು ಹೇಳ್ಕಂಡಿದ್ದು ಯಾವ ಕೊಡ?" ಅಂದಳು ಶಂಕ್ರಮ್ಮ.

"ನೀರಿನ ಕೊಡಾನೇ. ಆದ್ರೆ ಬೆಳ್ಳಿ ಕೊಟ್ರೆ ದೇವ್ರು ಬ್ಯಾಡ ಅಂತಾಳೇನು?"

"ಗಂಗವ್ವನ ಗುಡ್ಡಾನ ನಿಮ್ಮ ಅಡಿಕೆ ಮಂಡಿ ಅಂದ್ಕಂಡಿರೇನ್ರೀ? ಒಳ್ಳೇ ರಾಶಿ ಅಡಿಕೆ ತೋರ್ಸಿ ಕಳಪೆ ಗೊರಬಲು ತೂಗಾಕೆ? ಬಾಯಿ ನಿಮ್ದು, ತಲೆ ನಂದು. ನನ್ನ ಕೇಳ್ದೆ ಹರಕೆ ಹೊತ್ರಿ, ಆಗ್ಲಿ. ಈಗ ನನ್ನ ಕೇಳ್ದೆ ಅದನ್ನ ಇಳ್ಸಾಕೆ ನಾ ಬಿಡಂಗಿಲ್ಲ. ಕೊಡ ಹೊತ್ತು ಸುತ್ತು ಹಾಕೋಳು ನಾನೇ."

"ಹಟ ಬ್ಯಾಡ ಕಣೇ."

"ಜಗಳೂರಿನೋಳನ್ನ ತಂದಿದ್ದು ಯಾರು? ಅನುಭೋಗ್ಸಿ."

ಅವನಿಗೆ ಗೊತ್ತಿಲ್ಲದ ಸಂಗತಿ ಒಂದಿತ್ತು. ಎರಡು ತಿಂಗಳಿಂದ ಅವನು ಮಂಡಿಗೆ, ಮಗ ತೋಟಕ್ಕೆ ಹೊರಟ ಮೇಲೆ ಶಂಕ್ರಮ್ಮ ಹಿತ್ತಲಲ್ಲಿ ಕೊಡ ಹೊತ್ತು ನಡೆಯುತ್ತಿದ್ದಳು. ಮೊದಲ ವಾರ ಖಾಲಿ ಕೊಡ, ಆಮೇಲೆ ಕಾಲು ಕೊಡ, ಅರ್ಧ ಕೊಡ. ವ್ಯಾಯಾಮ ಹೇಳಿಕೊಡಲು ಬರುತ್ತಿದ್ದ ಅಂಬಿಕಾ ಎಂಬ ಹುಡುಗಿ ಮೊದಲು ಹೌಹಾರಿದಳು, ಆಮೇಲೆ ತಾನೇ ಹಿತ್ತಲಿನ ಮೆಟ್ಟಿಲು ಹತ್ತಿಸಿ ಇಳಿಸಿದಳು. "ಹತ್ತುವಾಗ ಒಳ್ಳೇ ಕಾಲು ಮುಂದೆ, ಇಳಿಯುವಾಗ ಆಪರೇಷನ್ ಕಾಲು ಮುಂದೆ. ಇದೊಂದು ಮರೀಬೇಡಿ ಆಂಟಿ" ಅಂದಿದ್ದಳು. ತುಂಬಿದ ಕೊಡ ಹೊತ್ತು ಹಿತ್ತಲು ನಲವತ್ತು ಸುತ್ತು ಸುತ್ತಿದ ದಿನ ಶಂಕ್ರಮ್ಮ ಯಾರಿಗೂ ಹೇಳದೆ ಒಬ್ಬಳೇ ಒಂದು ತಟ್ಟೆ ಶಾವಿಗೆ ಪಾಯಸ ಮಾಡಿಕೊಂಡು ತಿಂದಳು.

ಮಾಘ ಮಾಸದ ಒಂದು ಸೋಮವಾರ ಬೆಳಗಾಗುವ ಮೊದಲೇ ಕಾರು ಹೊರಟಿತು. ಹೊನ್ನಾಳಿಯ ಹತ್ತಿರ ಹೊಳೆ ದಾಟಿ, ನ್ಯಾಮತಿಯಲ್ಲಿ ಚಹಾ ಕುಡಿದು, ಸವಳಂಗ ಬಿಟ್ಟು ಮಣ್ಣಿನ ರಸ್ತೆಗೆ ಇಳಿದಾಗ ಎಳೆ ಬಿಸಿಲು ಬಂದಿತ್ತು. ದಾರಿಯುದ್ದಕ್ಕೂ ಪ್ರವೀಣ ಡಾಕ್ಟರ ಹೆಸರು ಹೇಳಿ ಹೆದರಿಸಿದ. ಜಯದೇವಪ್ಪ ವಿಭೂತಿಯ ಹಣೆಯನ್ನು ಕಿಟಕಿಯ ಕಡೆ ತಿರುಗಿಸಿಕೊಂಡು ಕೂತಿದ್ದ. ಬೆಳ್ಳಿ ಕೊಡ ಅವನ ಜೇಬಿನಲ್ಲೇ ಇದೆ ಎಂದು ಶಂಕ್ರಮ್ಮನಿಗೆ ಗೊತ್ತಿತ್ತು. ಇರಲಿ ಬಿಡು, ಭಾರ ಅವನದೇ ಎಂದುಕೊಂಡಳು.

ಗುಡ್ಡದ ಬುಡದಲ್ಲಿ ಗಂಗವ್ವನ ಕಲ್ಲು. ಅದರ ಪಕ್ಕದ ಚಪ್ಪರದಲ್ಲಿ ಗಿಡ್ಡಮ್ಮ ಕೂತಿದ್ದಳು. ಎಪ್ಪತ್ತೈದು ದಾಟಿದ ಮುದುಕಿ, ಹರಕೆಯವರಿಗೆ ಕಟ್ಟಳೆ ಹೇಳುವುದು ಅವಳ ಮನೆತನದ ಕೆಲಸ. ಅವತ್ತು ಇನ್ನೂ ಹತ್ತಾರು ಮಂದಿ ಸುತ್ತು ಮುಗಿಸಿ ಬಂದು ನೆರಳಲ್ಲಿ ಕೂತು ಮಂಡಕ್ಕಿ ತಿನ್ನುತ್ತಿದ್ದರು. ಶಂಕ್ರಮ್ಮನ ಊರುಗೋಲನ್ನು ನೋಡಿ ಅವರ ಬಾಯಿ ಅರೆಗಳಿಗೆ ನಿಂತಿತು.

ಗಿಡ್ಡಮ್ಮ ಮಾತ್ರ ಕೋಲು ನೋಡಲಿಲ್ಲ, ಶಂಕ್ರಮ್ಮನ ಕತ್ತು ನೋಡಿದಳು. ಬಟ್ಟೆಯ ಸಿಂಬೆಯೊಂದನ್ನು ಸುತ್ತಿ ನೆತ್ತಿಯ ಮೇಲಿಟ್ಟು, "ಊರಿಗೆ ಬಂದೋಳು ನೀರಿಗೆ ಬರದೆ ಇರ್ತಾಳಾ? ಹೋಗಿ ಬಾ ತಾಯಿ" ಅಂದಳು. ಕಟ್ಟಳೆಯನ್ನೂ ಹೇಳಿದಳು. ಏರುವುದು ಮೂಡಲ ದಿಕ್ಕಿನ ಮೆಟ್ಟಿಲಲ್ಲಿ, ಇಳಿಯುವುದು ಪಡುವಲ ಕಡೆಯ ಬಳಸು ದಾರಿಯಲ್ಲಿ. ತುಂಬಿದ ಕೊಡ ನೆಲ ಮುಟ್ಟಬಾರದು. ತುಂಬಿದ ಕೊಡ ಬಂದ ದಾರಿಯಲ್ಲಿ ಹಿಂದಕ್ಕೆ ತಿರುಗಬಾರದು. ಹೊತ್ತವಳ ಕೈ ಬಿಟ್ಟು ಬೇರೆಯವರ ಕೈ ಅದಕ್ಕೆ ಸೋಕಬಾರದು. ಹರಕೆ ಹೇಳಿಕೊಂಡವನು ಕೊಡದ ಹಿಂದೆಯೇ ಬರಬೇಕು, ಮುಂದಾಗಬಾರದು.

"ಇಳಿಯಾಕೆ ಬಳಸು ದಾರಿ ಯಾಕಜ್ಜಿ?" ಎಂದು ಪ್ರವೀಣ ಕೇಳಿದ.

"ಮೆಟ್ಲು ಕಡಿದು ಕಣಪ್ಪ. ತುಂಬಿದ ಕೊಡ ಇಟ್ಕಂಡು ಅಲ್ಲಿ ಇಳಿದ್ರೆ ಮೂಗು ಒಡೀತೈತೆ. ಸುಮ್ನೆ ಹೇಳಿದ್ರೆ ಯಾರ್ ಕೇಳ್ತಾರೆ? ದೇವ್ರ ಹೆಸ್ರಲ್ಲಿ ಹೇಳಿದ್ರೆ ಕೇಳ್ತಾರೆ."

ಪ್ರವೀಣನನ್ನು ಶಂಕ್ರಮ್ಮ ಕೆಳಗೇ ಬಿಟ್ಟಳು. ಜೊತೆಗೆ ಬಂದರೆ ಹತ್ತು ಹೆಜ್ಜೆಗೊಮ್ಮೆ ಕೂತ್ಕೋ ಅನ್ನುತ್ತಾನೆ, ಕೇಳಿ ಕೇಳಿ ಕಾಲಲ್ಲ, ತಲೆ ಕೆಡುತ್ತದೆ. ಖಾಲಿ ತಾಮ್ರದ ಕೊಡವನ್ನು ಸೊಂಟಕ್ಕಿಟ್ಟು, ಕೋಲು ಊರಿ, ಒಳ್ಳೇ ಕಾಲು ಮುಂದೆ ಮಾಡಿ ಹತ್ತಲು ಶುರು ಮಾಡಿದಳು. ಬಂಡೆಯಲ್ಲೇ ಕಡಿದ ಮೆಟ್ಟಿಲು, ಎರಡೂ ಕಡೆ ಮುತ್ತುಗದ ಗಿಡ ಕೆಂಪಗೆ ಹೂ ಬಿಟ್ಟಿತ್ತು. ಎರಡು ಸಲ ನಿಂತು ಉಸಿರು ತೆಗೆದುಕೊಂಡಳು. ಎರಡೂ ಸಲ ಹಿಂದಿದ್ದ ಜಯದೇವಪ್ಪನೇ ಹೆಚ್ಚು ಏದುತ್ತಿದ್ದ, ಆದರೂ "ನೋವೈತೇನೇ" ಎಂದು ಕೇಳುವುದನ್ನು ಬಿಡಲಿಲ್ಲ. ಮೇಲೆ ಬಂದು ತಿರುಗಿ ನೋಡಿದರೆ ಕೆಳಗೆ ಹೊಲ, ಕೆರೆ, ಮೆಕ್ಕೆಜೋಳದ ಒಣ ದಂಟಿನ ಬಯಲು, ಬೆಂಕಿಪೆಟ್ಟಿಗೆಯಷ್ಟು ತಮ್ಮ ಕಾರು. ಹತ್ತಿದ್ದು ನಾನೇನಾ ಎಂದು ಅವಳಿಗೇ ಒಂದು ಗಳಿಗೆ ನಂಬಿಕೆಯಾಗಲಿಲ್ಲ. ನಂಬಿಕೆಯಾದಾಗ ಕಣ್ಣು ತುಂಬಿತು. ಗಾಳಿಗೆ ಧೂಳು ಬಿತ್ತು ಎಂದು ಗಂಡನಿಗೆ ಹೇಳಿದಳು.

ಒರತೆ ಅಂದರೆ ಜೋಗದ ಜಲಪಾತವೇನಲ್ಲ. ಮತ್ತಿ ಮರದ ಬೇರಿನ ಕೆಳಗೆ ಬಂಡೆಯಲ್ಲೊಂದು ಸೀಳು, ಅಲ್ಲಿಂದ ಮುಂಗೈ ದಪ್ಪದ ನೀರು ಸದ್ದಿಲ್ಲದೆ ಬೀಳುತ್ತದೆ. ಅದರ ಕೆಳಗೆ ಸೊಂಟದೆತ್ತರದ ಕಟ್ಟೆಗಲ್ಲು. ಕೊಡ ಅದರ ಮೇಲಿಟ್ಟು ತುಂಬಿಸಿ, ಸ್ವಲ್ಪ ಬಗ್ಗಿ ತಲೆ ಕೊಟ್ಟರೆ ಇನ್ನೊಬ್ಬರ ಸಹಾಯ ಬೇಕಿಲ್ಲ. ಆ ಕಲ್ಲನ್ನು ಅಲ್ಲಿ ನಿಲ್ಲಿಸಿದವರು ಗಂಡಸರಲ್ಲ, ಪಕ್ಕಾ ನೀರು ಹೊರುವ ಹೆಂಗಸರೇ ಎಂದು ಶಂಕ್ರಮ್ಮನಿಗೆ ನೋಡಿದ ಕೂಡಲೇ ಗೊತ್ತಾಯಿತು. ಇಬ್ಬರೂ ಬೊಗಸೆಯಲ್ಲಿ ಕುಡಿದರು. ನೀರು ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿತ್ತು. ಅವಳು ಕೊಡ ತುಂಬಿದಳು, ಬಗ್ಗಿದಳು, ತಲೆ ಕೊಟ್ಟಳು, ಎದ್ದಳು. ಹತ್ತು ವರ್ಷದ ಮೇಲೆ ಆ ಭಾರ ನೆತ್ತಿಯ ಮೇಲೆ ಸರಿಯಾಗಿ ಕೂತಿತು. ಹಿತ್ತಲಲ್ಲಿ ಕಳ್ಳತನದಿಂದ ಹೊತ್ತದ್ದು ಬೇರೆ, ಬಯಲಲ್ಲಿ ಹೊತ್ತದ್ದೇ ಬೇರೆ.

"ನಡೀರಿ. ನನ್ನ ಹಿಂದೆ" ಅಂದಳು.

ಇಳಿಜಾರು ನಿಧಾನವಾಗಿತ್ತು, ಆದರೆ ದಾರಿಯ ತುಂಬ ಒಣ ಎಲೆ, ಎಲೆಯ ಕೆಳಗೆ ಉರುಟು ಕಲ್ಲು. ಆಪರೇಷನ್ ಕಾಲು ಮುಂದೆ, ಕೋಲು, ಆಮೇಲೆ ಒಳ್ಳೇ ಕಾಲು. ತಾಳ ಸಿಕ್ಕಿತು. ತಾಳ ಸಿಕ್ಕ ಮೇಲೆ ಶಂಕ್ರಮ್ಮನಿಗೆ ಮಾತೂ ಸಿಕ್ಕಿತು. ಎಂಟು ತಿಂಗಳಿಂದ ಒಳಗೆ ಕಟ್ಟಿಟ್ಟುಕೊಂಡಿದ್ದನ್ನೆಲ್ಲ, ತಲೆ ಅಲ್ಲಾಡಿಸದೆ, ಮುಂದೆ ನೋಡುತ್ತಲೇ ಬಿಚ್ಚಿದಳು.

"ಚೊಂಬು ಎತ್ತಿದ್ರೆ ಓಡಿ ಬರ್ತಿದ್ರಿ. ನೋಡ್ರಿ ಈಗ. ಚೊಂಬಲ್ಲ, ಕೊಡ. ನಿಮ್ಮ ತಂಗಿ ಬಂದಾಗ ಏನಂದ್ರಿ? ಇವಳ ಕೈಲಿ ಇನ್ನೇನೂ ಆಗಲ್ಲ ಅಂದ್ರಿ. ಅಡುಗೆಮನೇಲಿ ನಾ ಕೇಳಿಸ್ಕಂಡೆ. ಅವತ್ತು ರಾತ್ರಿ ನಾ ಊಟ ಮಾಡ್ಲಿಲ್ಲ, ಗೊತ್ತಾ ನಿಮ್ಗೆ? ಹಸಿವಿಲ್ಲ ಅಂದ್ರೆ ನಂಬಿದ್ರಿ. ಏನ್ರೀ, ಮಾತಾಡ್ರಿ."

ಹಿಂದಿನಿಂದ ಉತ್ತರ ಬರಲಿಲ್ಲ. ಸಿಟ್ಟು ಬಂದಿರಬೇಕು, ಬರಲಿ ಎಂದುಕೊಂಡು ಇನ್ನಷ್ಟು ಬೈದಳು. ಬೆಳ್ಳಿ ಕೊಡದ ವಿಷಯಕ್ಕೂ ಬಂದಳು. ಆಗಲೂ ಸದ್ದಿಲ್ಲ. ಬೆಳ್ಳಿ ಕೊಡಕ್ಕೂ ಸಮಜಾಯಿಷಿ ಹೇಳದ ಜಯದೇವಪ್ಪ ಇರಲು ಸಾಧ್ಯವೇ ಇಲ್ಲ. ಅವಳು ನಿಂತಳು. ಕೊಡ ಹೊತ್ತವರು ಕತ್ತು ತಿರುಗಿಸುವಂತಿಲ್ಲ. ಒಂದೊಂದೇ ಕಾಲು ಕಿತ್ತಿಟ್ಟು ಇಡೀ ಮೈಯನ್ನೇ ತಿರುಗಿಸಿ ನೋಡಿದಳು. ದಾರಿ ಖಾಲಿ.

"ಏನ್ರೀ" ಎಂದು ಕೂಗಿದಳು. ಎರಡನೇ ಸಲಕ್ಕೆ ಮೇಲೆ ತಿರುವಿನಾಚೆಯಿಂದ ಸಣ್ಣಗೆ ದನಿ ಬಂತು. "ಏನಿಲ್ಲ. ನೀ ಹೋಗು. ಹೋಗ್ತಿರು."

ಏನಿಲ್ಲ ಅನ್ನುವವನ ದನಿ ಹಾಗಿರುವುದಿಲ್ಲ. ಮೊಬೈಲು ಅವನ ಹತ್ತಿರವಿತ್ತು, ಗುಡ್ಡದ ಈ ಮಗ್ಗುಲಲ್ಲಿ ಅದಕ್ಕೆ ಜೀವವೂ ಇರಲಿಲ್ಲ. ಕೆಳಗೆ ಮರಗಳ ಸಂದಿಯಲ್ಲಿ ಗಿಡ್ಡಮ್ಮನ ಚಪ್ಪರ ಕಾಣುತ್ತಿತ್ತು. ಇನ್ನೊಂದು ಕಾಲು ಗಂಟೆ ನಡೆದರೆ ಸುತ್ತು ಮುಗಿಯುತ್ತದೆ, ಹತ್ತಾರು ಜನರ ಮುಂದೆ ಗಂಗವ್ವನ ಕಲ್ಲಿನ ಮೇಲೆ ನೀರು ಹುಯ್ಯಬಹುದು, ಇನ್ನು ಮನೆಯಲ್ಲಿ ಯಾವನೂ ತನಗೆ ಕೂತ್ಕೋ ಅನ್ನಲಾರ. ಹಿಂದಕ್ಕೆ ಹೋದರೆ ಕಟ್ಟಳೆ ಮುರಿಯಿತು, ಎರಡು ತಿಂಗಳ ಪಾಡು ಗುಡ್ಡದ ಪಾಲಾಯಿತು. ಶಂಕ್ರಮ್ಮ ಅಷ್ಟನ್ನೂ ಯೋಚಿಸಿದಳು. ಯೋಚಿಸಿ, ಒಳ್ಳೇ ಕಾಲನ್ನು ಮುಂದೆ ಮಾಡಿ, ಬಂದ ದಾರಿಯನ್ನೇ ಎಂಬತ್ತು ಹೆಜ್ಜೆ ಎಣಿಸುತ್ತ ಹತ್ತಿದಳು. ಕೊಡ ಇಳಿಸಲಿಲ್ಲ. ಒಂದು ಕಟ್ಟಳೆ ಕೆಟ್ಟಿತೆಂದು ಎರಡನ್ನೂ ಕೆಡಿಸುವವಳಲ್ಲ ಅವಳು.

ತಿರುವಿನಾಚೆ ಜಯದೇವಪ್ಪ ದಾರಿಯ ನಡುವೆ ಕಾಲು ಚಾಚಿಕೊಂಡು ಕೂತಿದ್ದ. ಬಲಗಾಲಿನ ಹರಡು ಊದಿ ಬದನೆಕಾಯಿಯಾಗಿತ್ತು. ಪಂಚೆಗೆಲ್ಲ ಮಣ್ಣು. ಹೆಂಡತಿ ತಲೆಯ ಮೇಲೆ ಕೊಡ ಸಮೇತ ಮೇಲೆ ಬರುವುದನ್ನು ನೋಡಿ ನೋವಿಗಿಂತ ಹೆಚ್ಚಾಗಿ ಬೆಚ್ಚಿಬಿದ್ದ.

"ಯಾಕೆ ತಿರುಗಿದೆ? ಸುತ್ತು ಕೆಟ್ಟೋತಲ್ಲೇ."

"ಬಿದ್ದಾಗ ಕೂಗಾಕೆ ಏನಾಗಿತ್ತು?"

"ಕೂಗಿದ್ರೆ ನೀ ಗಾಬ್ರಿಯಾಗಿ ತಿರುಗ್ತಿದ್ದೆ. ಕೊಡ ಬೀಳ್ತಿತ್ತು, ನೀನೂ ಬೀಳ್ತಿದ್ದೆ. ನೀ ಕೆಳಗೆ ಮುಟ್ಟಿದ ಮ್ಯಾಲೆ ಪ್ರವೀಣನ್ನ ಕಳಿಸ್ತೀಯ ಅಂತ ಸುಮ್ನೆ ಕೂತೆ."

"ನಾ ಮುಟ್ಟದಿದ್ರೆ?"

ಅವನು ಅವಳ ಮುಖ ನೋಡಿದ. "ಮುಟ್ಟೇ ಮುಟ್ತೀಯ. ಮೆಟ್ಲು ಹತ್ತೋವಾಗ ನೋಡಿದ್ನಲ್ಲ. ನನಗಿಂತ ಚೆನ್ನಾಗಿ ಹತ್ತಿದೆ" ಅಂದ.

ಎಂಟು ತಿಂಗಳಲ್ಲಿ ಅವಳು ಕೇಳಬೇಕೆಂದಿದ್ದ ಮಾತು ಅದೊಂದೇ. ಅದನ್ನು ಕೇಳಲು ಈ ಮನುಷ್ಯನನ್ನು ಗುಡ್ಡ ಹತ್ತಿಸಿ ಕಾಲು ಉಳುಕಿಸಬೇಕಾಯಿತು. ಅಳು, ನಗು ಎರಡೂ ಒಟ್ಟಿಗೆ ಬಂದವು. ತಲೆಯ ಮೇಲೆ ಕೊಡವಿದ್ದುದರಿಂದ ಎರಡಕ್ಕೂ ಅವಕಾಶವಿರಲಿಲ್ಲ.

ಪಕ್ಕದಲ್ಲೇ ಒಂದು ದೊಡ್ಡ ಮರವಿತ್ತು. ಬೆನ್ನನ್ನು ಅದಕ್ಕೆ ಒತ್ತಿ ನಿಂತಳು. ಕೋಲನ್ನು ಅವನ ಕೈಗೆ ಕೊಟ್ಟಳು, ಒಂದು ಕೈಯಿಂದ ಕೊಡ ಹಿಡಿದಳು, ಇನ್ನೊಂದು ಕೈ ಚಾಚಿದಳು. "ನನ್ನ ಮೊಣಕೈ ಹಿಡ್ಕಳ್ರಿ. ಎಳೀಬ್ಯಾಡ್ರಿ, ಊರ್ಕಂಡು ಏಳ್ರಿ."

"ನಿನ್ನ ಮಂಡಿ..."

"ಮಂಡಿ ನಂದು. ನಿಮ್ಮ ಕೆಲ್ಸ ನೀವು ನೋಡ್ಕಳ್ರಿ."

ಎಂಬತ್ತು ಕಿಲೋದ ವ್ಯಾಪಾರಿ ಅವಳ ತೋಳು ಹಿಡಿದು ಒಂದೇ ಕಾಲಿನ ಮೇಲೆ ಮೇಲೆದ್ದ. ಅವನ ಭಾರವೆಲ್ಲ ಅವಳ ಮೇಲೆ ಬಂತು. ಮಂಡಿ ಸ್ವಲ್ಪ ಬಾಗಿತು, ನಡುಗಿತು. ಬಾಗಿದ್ದು ಅಲ್ಲಿಗೇ ನಿಂತಿತು, ಕುಸಿಯಲಿಲ್ಲ. ಕೊಡ ತುಳುಕಿ ಒಂದು ಸೇರು ನೀರು ಇಬ್ಬರ ಮುಖದ ಮೇಲೂ ಸುರಿಯಿತು. ತುಂಬಿದ ಕೊಡ ತುಳುಕುವುದಿಲ್ಲ ಅಂತ ಗಾದೆ ಮಾಡಿದವನು ಗಂಡನನ್ನು ಎತ್ತಿ ನೋಡಿರಲಿಲ್ಲ ಅಂತ ಕಾಣುತ್ತದೆ. ಶಂಕ್ರಮ್ಮ ಬುಸ್ಸೆಂದು ಉಸಿರು ಬಿಟ್ಟು ತನ್ನ ಕಾಲನ್ನು ತಾನೇ ನೋಡಿಕೊಂಡಳು. ಭಲೇ ಎಂದು ಅದರ ಬೆನ್ನು ತಟ್ಟುವುದಾಗಿದ್ದರೆ ತಟ್ಟಿಬಿಡುತ್ತಿದ್ದಳು.

ಆಮೇಲೆ ಇಳಿದರು. ಅವನ ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈ ಹಿಂದಿನಿಂದ ಅವಳ ಹೆಗಲ ಮೇಲೆ. ಅವನು ಕುಂಟಿದಾಗೆಲ್ಲ ಅವಳು ನಿಂತಳು. ಕಾಲು ಗಂಟೆಯ ದಾರಿ ಮುಕ್ಕಾಲು ಗಂಟೆಯಾಯಿತು. ಚಪ್ಪರ ಹತ್ತಿರ ಬಂದಾಗ ಜಯದೇವಪ್ಪ ಅವಳ ಕಿವಿಯ ಹತ್ತಿರ ಬಗ್ಗಿ, "ತಿರುಗಿದ್ದು ಯಾರೂ ನೋಡಿಲ್ಲ. ಹೇಳೋದು ಬ್ಯಾಡ" ಅಂದ. ಅವಳು ಮುಂದಿನ ಹೆಜ್ಜೆ ಇಟ್ಟಳು.

ಮಂಡಕ್ಕಿಯವರೆಲ್ಲ ಎದ್ದು ನಿಂತಿದ್ದರು. ಪ್ರವೀಣ ಓಡಿ ಬಂದು ಅಮ್ಮನಿಗೆ ಕೈ ಕೊಡಲು ಹೋದ. "ನಂಗಲ್ಲ, ನಿಮ್ಮಪ್ಪಂಗೆ ಕೊಡು" ಅಂದಳು ಶಂಕ್ರಮ್ಮ. ಕೋಲಿಲ್ಲದೆ, ಯಾರನ್ನೂ ಹಿಡಿಯದೆ, ಗಂಗವ್ವನ ಕಲ್ಲಿನ ತನಕ ನಡೆದು ನಿಂತಳು.

ಗಿಡ್ಡಮ್ಮ ಎಲ್ಲರಿಗೂ ಕೇಳುವ ಪ್ರಶ್ನೆ ಕೇಳಿದಳು. "ಕೊಡ ನೆಲ ಮುಟ್ತೇನವ್ವ?"

"ಇಲ್ಲ."

"ಬ್ಯಾರೆ ಕೈ ಸೋಕ್ತಾ?"

"ಇಲ್ಲ."

"ಹಿಂದಕ್ಕೆ ತಿರುಗ್ತಾ?"

ಜಯದೇವಪ್ಪ ಕೆಮ್ಮಿದ. ಶಂಕ್ರಮ್ಮ ಇದಕ್ಕೂ ಇಲ್ಲ ಅಂದಿದ್ದರೆ ಎಲ್ಲ ಮುಗಿಯುತ್ತಿತ್ತು. ಆದರೆ ಸುಳ್ಳು ಹೇಳಿ ಗೆದ್ದ ಮೇಲೆ ಆ ಎಂಬತ್ತು ಹೆಜ್ಜೆ ಎಲ್ಲಿ ಹೋಗಬೇಕು? ಇಡೀ ಸುತ್ತಿನಲ್ಲಿ ಅವಳಿಗೆ ಹೆಚ್ಚು ಹೆಮ್ಮೆ ಇದ್ದದ್ದೇ ಆ ಎಂಬತ್ತು ಹೆಜ್ಜೆಗೆ.

"ತಿರುಗ್ತು" ಅಂದಳು ಗಟ್ಟಿಯಾಗಿ. "ಇವರು ಬಿದ್ದಿದ್ರು. ಎಂಬತ್ತು ಹೆಜ್ಜೆ ಹಿಂದಕ್ಕೆ ಹತ್ತಿ ಇವರನ್ನ ಎಬ್ಬಿಸ್ಕಂಡು ಬಂದೆ."

ಗಿಡ್ಡಮ್ಮ ಎದ್ದು ಅವಳ ಮುಂದೆ ಬಂದು ನಿಂತಳು.

"ನಮ್ಮತ್ತೆ ಕಾಲದಿಂದ ಇದನ್ನ ಕೇಳ್ತಾ ಬಂದೀವಿ ತಾಯಿ. ತಿರುಗಿದೋರು ಬಾಳ ಮಂದಿ ಇರಬೋದು. ತಿರುಗಿದೆ ಅಂದೋಳು ನೀನೊಬ್ಬಳೇ. ಆದ್ರೆ ಕಟ್ಟಳೆ ಕಟ್ಟಳೆನೇ. ಈ ಸುತ್ತು ಲೆಕ್ಕಕ್ಕಿಲ್ಲ. ಇನ್ನೊಂದು ಹಾಕಬೇಕು."

"ಆಗಲ್ಲ ಬಿಡ್ರಿ ಅಜ್ಜಿ" ಅಂದ ಪ್ರವೀಣ. "ಡಾಕ್ಟ್ರು ಕೇಳಿದ್ರೆ..."

"ಸುಮ್ನಿರೋ" ಅಂದ ಜಯದೇವಪ್ಪ. ಮಗನ ಭುಜದ ಮೇಲೆ ಕೈ ಊರಿ, ಊದಿದ ಕಾಲನ್ನು ಮೇಲೆತ್ತಿಕೊಂಡು, ಮಣ್ಣಾದ ಪಂಚೆಯಲ್ಲೇ ನೆಟ್ಟಗೆ ನಿಂತ. ಮಂಡಿಯಲ್ಲಿ ಒಳ್ಳೇ ಮಾಲಿಗೆ ದರ ಕೂಗುವಾಗ ಬರುವ ದನಿ ಬಂತು. "ಇನ್ನೊಂದಲ್ಲ, ಇನ್ನೆರಡು ಅಂದ್ರೂ ಹಾಕ್ತಾಳೆ. ನನ್ನ ಹೆಣ್ತಿ ಅವಳು. ಇವತ್ತು ಕೊಡಾನೂ ತಂದ್ಲು, ನನ್ನೂ ತಂದ್ಲು. ಎಲ್ಲ ಕೇಳಿಸ್ಕಳ್ರಿ."

ಶಂಕ್ರಮ್ಮ ಯಾರ ಮುಖವನ್ನೂ ನೋಡಲಿಲ್ಲ, ನೋಡಿದ್ದರೆ ಅತ್ತುಬಿಡುತ್ತಿದ್ದಳು. ಲೆಕ್ಕಕ್ಕಿಲ್ಲದ ಸುತ್ತಿನ ನೀರನ್ನು ದೇವರಿಗೆ ಹುಯ್ಯುವಂತಿಲ್ಲ, ಚೆಲ್ಲುವಂತೆಯೂ ಇಲ್ಲ. ಚಪ್ಪರದಲ್ಲಿದ್ದ ಒಬ್ಬೊಬ್ಬರ ಬೊಗಸೆಗೂ ತಾನೇ ಹೊಯ್ದಳು. ಬಿಸಿಲಲ್ಲಿ ಅಷ್ಟು ದೂರ ಬಂದರೂ ನೀರು ಇನ್ನೂ ತಣ್ಣಗಿತ್ತು. ಕೊನೆಗೆ ಉಳಿದದ್ದನ್ನು ಗಿಡ್ಡಮ್ಮ ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಕೆಟ್ಟ ಸುತ್ತನ್ನ ಇನ್ನೊಂದ್ಸಲ ಹಾಕಿದೋರು ಇಲ್ಲಿವರ್ಗೂ ಯಾರೂ ಇಲ್ಲ ತಾಯಿ" ಅಂದಳು.

"ಹಂಗಾದ್ರೆ ಒಬ್ಬಳು ಇರ್ಲಿ ಬಿಡ್ರಿ" ಅಂದಳು ಶಂಕ್ರಮ್ಮ. "ಇವರ ಕಾಲು ವಾಸಿಯಾಗಾಕೆ ಮೂರು ವಾರ ಬೇಕು. ನಾಲ್ಕನೇ ಸೋಮವಾರ ಬರ್ತೀವಿ." ಖಾಲಿ ಕೊಡವನ್ನು ಸೊಂಟಕ್ಕಿಟ್ಟುಕೊಂಡು ಹೋಗಿ ಕಾರಿನ ಬಾಗಿಲು ತೆಗೆದು ಹಿಡಿದಳು, ಗಂಡ ಒಳಗೆ ಕೂತ ಮೇಲೆ ತಾನೂ ಕೂತಳು.